ಎತ್ತಿನ ಮೇಲೆ ಬಂದ ವಂಶಾವಳಿ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ, ಬೈಲಹೊಂಗಲ ಸೀಮೆಯ ಹಳ್ಳಿಗಳಲ್ಲಿ ಒಂದು ಬೆಳಗಿನ ಜಾವ ಓಣಿಯ ತುದಿಯಿಂದ ಗಂಟೆಯ ಸದ್ದು ಕೇಳಿಬರುತ್ತಿತ್ತು. ಅಲಂಕರಿಸಿದ ಎತ್ತಿನ ಮೇಲೆ ಕುಳಿತ ರುಮಾಲಿನ ಮನುಷ್ಯನೊಬ್ಬನು ಒಂದು ಮನೆಯ ಮುಂದೆ ನಿಲ್ಲುತ್ತಿದ್ದನು. ಬೇರೆ ಮನೆಗಳನ್ನು ದಾಟಿ ಆ ಒಂದೇ ಮನೆಯ ಮುಂದೆ.

“ಯಪ್ಪಾ, ನಿಮ್ಮ ಮನಿ ಹೆಳವ ಬಂದೀನ್ರಿ.”

“ಬಾರಪಾ, ಕಟ್ಟಿ ಮ್ಯಾಲ ಕೂಡು. ಹ್ವಾದ ಸಲ ನೀ ಬಂದಾಗ ನಮ್ಮ ಸಣ್ಣಾಂವ ಇನ್ನೂ ಹುಟ್ಟಿದ್ದಿಲ್ಲ.”

ಮನೆಯೊಡತಿ ನೀರು ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಅವನು ಬಾಯಿಬಿಟ್ಟು ಹೇಳತೊಡಗುತ್ತಿದ್ದನು. ಈ ಮನೆತನದ ಮೂಲಪುರುಷನು ಯಾರು, ಯಾವ ಊರಿನಿಂದ ಬಂದನು, ಏತಕ್ಕಾಗಿ ಆ ಊರನ್ನು ಬಿಟ್ಟನು, ಅವನಿಗೆ ಎಷ್ಟು ಮಂದಿ ಮಕ್ಕಳು, ಅವರಲ್ಲಿ ಯಾರು ಇಲ್ಲಿ ಉಳಿದರು, ಯಾರು ಹೊಳೆಯಾಚೆ ಹೋದರು, ಅವರ ಬೆಡಗು ಯಾವುದು, ಮನೆದೇವರು ಯಾವುದು ಎಂಬುದೆಲ್ಲ ಒಂದೇ ಉಸಿರಿನಲ್ಲಿ, ಹಾಡಿನಂಥ ಒಂದು ಲಯದಲ್ಲಿ ಹರಿದುಬರುತ್ತಿತ್ತು. ಮನೆಯ ಯಜಮಾನನಿಗೆ ಅಜ್ಜನ ಅಪ್ಪನ ಹೆಸರು ಗೊತ್ತಿದ್ದರೆ ಹೆಚ್ಚು. ಕಟ್ಟೆಯ ಮೇಲೆ ಕುಳಿತ ಆ ಬಡವನಿಗೆ ಅದರ ಹಿಂದಿನ ಏಳೆಂಟು ತಲೆಗಳು ಬಾಯಿಪಾಠ!

ಕುಂಟನ ಪಾಲು

‘ಹೆಳವ’ ಎಂದರೆ ಕಾಲಿಲ್ಲದವನು, ಕುಂಟನು. ಇಡೀ ಸಮುದಾಯಕ್ಕೆ ಆ ಹೆಸರು ಬಂದುದಕ್ಕೆ ಅವರಲ್ಲಿ ಹಲವು ಕಥೆಗಳಿವೆ. ನಡೆಯಲಾರದವನಿಗೆ ಬಸವಣ್ಣನೇ ಎತ್ತನ್ನು ಕೊಟ್ಟು ಶರಣರ ಮನೆತನಗಳನ್ನು ಕೊಂಡಾಡುತ್ತ ಬದುಕೆಂದು ಹರಸಿದನೆಂಬುದು ಒಂದು. ಅನೇಕ ಮಂದಿ ಅಣ್ಣತಮ್ಮಂದಿರಲ್ಲಿ ಒಬ್ಬನು ಕುಂಟನಾಗಿದ್ದನು, ಅವನಿಂದ ಒಕ್ಕಲುತನವಾಗದು. ಅದಕ್ಕೆ ಉಳಿದವರೆಲ್ಲ ಕೂಡಿ ಅವನಿಗೊಂದು ಎತ್ತನ್ನೂ ಗಂಟೆಯನ್ನೂ ಕೊಟ್ಟು, “ನೀನು ನಮ್ಮ ವಂಶವನ್ನು ಹೇಳಿಕೊಂಡಿರು, ನಾವು ನಿನಗೆ ಕಾಳು ಕೊಡುತ್ತೇವೆ” ಎಂದು ಮಾತು ಕೊಟ್ಟರೆಂಬುದು ಇನ್ನೊಂದು. ತೆಲುಗು ನಾಡಿನಲ್ಲಿ ಇದೇ ಕೆಲಸ ಮಾಡುವ ಪಿಚ್ಚಿಗುಂಟರಲ್ಲಿಯೂ ಇಂಥ ಕಥೆಯೇ ಇದೆ.

ಕಥೆ ಹೇಗೇ ಇರಲಿ, ಅದರ ತಿರುಳು ಗಮನಿಸತಕ್ಕದ್ದು. ಹೆಳವನು ತನ್ನನ್ನು ತಿರುಕನೆಂದು ತಿಳಿದಿಲ್ಲ. ರಾಶಿಯಲ್ಲಿ ತನಗೊಂದು ಪಾಲು ಇದೆಯೆಂದೇ ಅವನ ನಂಬಿಕೆ. ಲಿಂಗಾಯತರು, ರೆಡ್ಡಿಗಳು, ಕುರುಬರು ಮೊದಲಾದ ಅನೇಕ ಸಮುದಾಯಗಳ ಮನೆತನಗಳನ್ನು ಹೆಳವರು ತಮ್ಮತಮ್ಮೊಳಗೆ ಹಂಚಿಕೊಂಡಿರುತ್ತಾರೆ. ತಂದೆಯ ಒಕ್ಕಲುಗಳು ಹೊಲಮನೆಗಳಂತೆಯೇ ಮಕ್ಕಳಿಗೆ ಪಾಲಾಗಿ ಬರುತ್ತವೆ. ತನ್ನ ಪಾಲಿನ ಮನೆತನದ ಕವಲು ಎಲ್ಲಿಗೆ ಹೋಗಿ ನೆಲೆಸಿದರೂ ಹೆಳವನು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾನೆ. ಕೆಲವು ವರ್ಷಗಳಿಗೊಮ್ಮೆ ಬಂದು, ಹಿಂದಿನದನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಬರೆದುಕೊಂಡು, ಕಾಳುಕಡಿ, ಬಟ್ಟೆ, ಹಣ, ಅನುಕೂಲಸ್ಥರ ಮನೆಯಾದರೆ ಒಂದು ಕರುವನ್ನೋ ಪಾತ್ರೆಯನ್ನೋ ಪಡೆದು ಮುಂದಿನ ಊರಿಗೆ ಹೊರಡುತ್ತಾನೆ. ಕೆಲವರಲ್ಲಿ ಹಳೆಯ ತಾಮ್ರಪಟಗಳಿವೆ; ಹೆಚ್ಚಿನವರಲ್ಲಿ ಇರುವುದು ಬಟ್ಟೆಯಲ್ಲಿ ಸುತ್ತಿಟ್ಟ ಕೈಬರಹದ ದಪ್ಪ ಹೊತ್ತಿಗೆಗಳು.

ಕಲ್ಲಿದ್ದಲ ಊರಿನ ಕಾಗದ, ನಮ್ಮೂರಿನ ಬಾಯಿಮಾತು

ಇದರ ಬೆಲೆ ತಿಳಿಯಬೇಕಾದರೆ ದೂರದ ಇಂಗ್ಲೆಂಡಿನತ್ತ ಒಂದು ಗಳಿಗೆ ನೋಡಬೇಕು. ಅಲ್ಲಿಯ ಡರ್ಹಮ್ ಸೀಮೆಯ ಕಲ್ಲಿದ್ದಲ ಗಣಿಯ ಹಳ್ಳಿಯೊಂದರಲ್ಲಿ ಒಬ್ಬನು ತನ್ನ ಪೂರ್ವಿಕರನ್ನು ಹುಡುಕಹೊರಟರೆ ಅವನಿಗೆ ಕಾಗದವೇ ದಾರಿ ತೋರಿಸುತ್ತದೆ. 1538ರಲ್ಲಿಯೇ ಪ್ರತಿಯೊಂದು ಇಗರ್ಜಿಯೂ ನಾಮಕರಣ, ಮದುವೆ, ಮಣ್ಣುಗಳನ್ನು ಬರೆದಿಡಬೇಕೆಂದು ಅಲ್ಲಿ ಆಜ್ಞೆಯಾಯಿತು. 1841ರಿಂದೀಚೆಗಿನ ಖಾನೇಷುಮಾರಿಯಲ್ಲಿ ಮನೆಮನೆಯವರ ಹೆಸರುಗಳಿವೆ. 1851ರಿಂದ ಪ್ರತಿಯೊಬ್ಬನೂ ಹುಟ್ಟಿದ ಊರಿನ ಹೆಸರೂ ಇದೆ. ಗಣಿಯ ಕೆಲಸಗಾರರು ವರ್ಷದ ಕರಾರಿನ ಮೇಲೆ ದುಡಿಯುತ್ತ ಒಂದು ಗಣಿಯಿಂದ ಇನ್ನೊಂದು ಗಣಿಗೆ ತಿರುಗುತ್ತಿದ್ದರು. ಆದುದರಿಂದ ಒಂದೇ ಮನೆಯ ಐದು ಮಕ್ಕಳು ಐದು ಊರುಗಳಲ್ಲಿ ಹುಟ್ಟಿರುವುದುಂಟು. ಆ ಊರುಗಳನ್ನು ಸಾಲಾಗಿ ಇಟ್ಟರೆ ತಂದೆ ನಡೆದ ದಾರಿಯೇ ಕಣ್ಣಿಗೆ ಕಟ್ಟುತ್ತದೆ. ನೂರು ವರ್ಷ ಕಳೆದ ಮೇಲೆ ಈ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. 1921ರ ಖಾನೇಷುಮಾರಿ 2022ರಲ್ಲಿ ಹೀಗೆ ತೆರೆಯಿತು.

ನಮ್ಮಲ್ಲಿಯೂ ಜನಗಣತಿ ನಡೆದಿದೆ. ಆದರೆ ಗಣತಿಯವನು ಬರೆದುಕೊಂಡ ಹೆಸರುಗಳು 1948ರ ಜನಗಣತಿ ಕಾಯಿದೆಯ ಪ್ರಕಾರ ಸಾರ್ವಜನಿಕರು ನೋಡತಕ್ಕವಲ್ಲ. ಜನನಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದುದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯ ಒಕ್ಕಲಿಗನ ಹುಟ್ಟು ಮಳೆಯ ಲೆಕ್ಕದಲ್ಲಿಯೋ ಬರದ ಲೆಕ್ಕದಲ್ಲಿಯೋ ನೆನಪಿನಲ್ಲಿರುತ್ತಿತ್ತು. ಇಂಗ್ಲೆಂಡಿನಲ್ಲಿ ಇಗರ್ಜಿಯ ಪುಸ್ತಕ ಮಾಡಿದ ಕೆಲಸವನ್ನು ನಮ್ಮಲ್ಲಿ ಮಾಡಿದವನು ಎತ್ತಿನ ಮೇಲೆ ಬಂದ ಹೆಳವನು.

ಅಡ್ಡಹೆಸರಿನ ಗುಟ್ಟು

ಹೆಳವನು ಸಿಕ್ಕದವರು ಎಲ್ಲಿಂದ ಹುಡುಕಲು ಮೊದಲು ಮಾಡಬೇಕು? ತಮ್ಮ ಹೆಸರಿನ ಕೊನೆಯಿಂದಲೇ!

ಮುನವಳ್ಳಿ, ಯಕ್ಕುಂಡಿ, ಬೆಳವಡಿ, ನೇಸರಗಿ, ಸಂಗೊಳ್ಳಿ, ಕಟಕೋಳ ಇವೆಲ್ಲ ಈ ನಾಲ್ಕು ತಾಲ್ಲೂಕುಗಳ ಊರುಗಳು. ಇವೇ ಮನೆತನದ ಹೆಸರುಗಳೂ ಆಗಿವೆ. ಆದರೆ ಮುನವಳ್ಳಿಯವರೆಂಬ ಹೆಸರಿನ ಮನೆಯನ್ನು ಹುಡುಕಿಕೊಂಡು ಮುನವಳ್ಳಿಗೆ ಹೋದವನು ಬರಿಗೈಯಲ್ಲಿ ಬಂದಾನು. ಆ ಊರಿನಲ್ಲಿ ಎಲ್ಲರೂ ಮುನವಳ್ಳಿಯವರೇ ಆಗಿರುವಾಗ ಒಬ್ಬನನ್ನು ಮಾತ್ರ ಹಾಗೆ ಏಕೆ ಕರೆಯಬೇಕು? ಊರು ಬಿಟ್ಟು ಬಂದವನನ್ನು ಹೊಸ ಊರಿನವರು ಬಿಟ್ಟ ಊರಿನ ಹೆಸರಿನಿಂದ ಗುರುತಿಸಿದರು. ಹೀಗೆ ಅಡ್ಡಹೆಸರು ಸಾಮಾನ್ಯವಾಗಿ ಹೇಳುವುದು ಮನೆತನ ಈಗ ಇರುವ ಊರನ್ನಲ್ಲ, ಹಿಂದೊಮ್ಮೆ ಬಿಟ್ಟುಬಂದ ಊರನ್ನು.

ಇದು ಒಕ್ಕಲಿಗರ ಪದ್ಧತಿ ಮಾತ್ರವೇ? ಅಲ್ಲ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಅಲ್ಲಿಂದ ಆಳಿದ ರಟ್ಟ ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ‘ಲತ್ತಲೂರ ಪುರವರಾಧೀಶ್ವರ’ರೆಂದು ಕರೆದುಕೊಂಡಿದ್ದಾರೆ. ಲತ್ತಲೂರು ಎಂದರೆ ಇಂದು ಮಹಾರಾಷ್ಟ್ರದಲ್ಲಿರುವ ಲಾತೂರು ಎಂದು ವಿದ್ವಾಂಸರ ಮತ. ಆಳುವ ಊರು ಒಂದು, ಹೆಸರಿನಲ್ಲಿರುವ ಊರು ಇನ್ನೊಂದು. ಅರಸನು ಕಲ್ಲಿನಲ್ಲಿ ಕೆತ್ತಿಸಿದ್ದನ್ನೇ ಒಕ್ಕಲಿಗನು ತನ್ನ ಹೆಸರಿನಲ್ಲಿ ಹೊತ್ತು ತಿರುಗಿದನು.

ಎರಡನೆಯ ಸುಳಿವು ಕಸಬು. ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ, ತಳವಾರ, ವಾಲೀಕಾರ, ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಹೆಸರುಗಳು ಒಂದು ಕಾಲಕ್ಕೆ ಆ ಮನೆ ಮಾಡುತ್ತಿದ್ದ ಕೆಲಸವನ್ನೋ ಅನುಭವಿಸುತ್ತಿದ್ದ ವತನವನ್ನೋ ತಿಳಿಸುತ್ತವೆ. ಸನದಿ ಎಂಬ ಹೆಸರಿನ ಹಿಂದೆ ಊರ ಕಾವಲಿಗಾಗಿ ಕೊಟ್ಟ ಭೂಮಿಯ ನೆನಪು ಇದ್ದೀತು. ಸಂಗೊಳ್ಳಿ ರಾಯಣ್ಣನೂ ಅಂಥ ಶೇತಸನದಿ ಮನೆತನದವನೇ ಆಗಿದ್ದನು.

ಮೂರನೆಯದು ಮನೆದೇವರು. ಹತ್ತಿರದಲ್ಲಿಯೇ ಗುಡಿಗಳಿದ್ದರೂ ವರ್ಷಕ್ಕೊಮ್ಮೆ ಎಲ್ಲಿಯೋ ದೂರದ ಸಣ್ಣ ಊರಿನ ದೇವರಿಗೆ ನಡೆದುಕೊಳ್ಳುವ ಮನೆಯವರನ್ನು ಕೇಳಿದರೆ, “ಹಿರಿಯರಿಂದ ಬಂದದ್ದು” ಎನ್ನುತ್ತಾರೆ. ಆ ಹಿರಿಯರು ಅಲ್ಲಿಂದಲೇ ಬಂದಿರಬಹುದು. ಆದರೆ ಸವದತ್ತಿಯ ಎಲ್ಲಮ್ಮನಿಗೂ ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರನಿಗೂ ನಾಡೆಲ್ಲ ಒಕ್ಕಲು. ಅವರಿಂದ ಊರಿನ ಗುರುತು ಸಿಕ್ಕದು.

ವಂಶದ ಪ್ರಶ್ನೆಗೆ ಸುರಿದ ರಕ್ತ

ವಂಶಾವಳಿ ಹಳೆಯ ಮಂದಿಯ ಹೆಮ್ಮೆಯ ಮಾತೆಂದು ನಗುವವರುಂಟು. ಅಂಥವರು ಈ ನಾಡಿನ ಇತಿಹಾಸವನ್ನು ಮತ್ತೊಮ್ಮೆ ನೋಡಬೇಕು.

ಕಿತ್ತೂರಿನ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಳ್ಳಲಾಗಿತ್ತು. ಆ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ‘ಈ ಮನೆಗೆ ವಾರಸುದಾರನು ಯಾರು?’ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರವಾಗಿ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಅದೇ ದತ್ತಕಪುತ್ರನ ಪರವಾಗಿ ಮತ್ತೆ ಬಂಡೆದ್ದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ರಾಮದುರ್ಗದ ಕಡೆಗೆ ತಿರುಗಿದರೆ ಮತ್ತದೇ ಕಥೆ. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದ ಸಂಸ್ಥಾನಗಳು. ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಗೆ ಮಕ್ಕಳಿರಲಿಲ್ಲ. ದತ್ತಕಕ್ಕೆ ಸರಕಾರ ಅಪ್ಪಣೆ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಅವನ ಕಡೆಯವರು ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನನ್ನು ಸುರೇಬಾನದಲ್ಲಿ ಕೊಂದರು. ಜೂನ್ ತಿಂಗಳಲ್ಲಿ ಬಾಬಾಸಾಹೇಬನು ಬೆಳಗಾವಿಯಲ್ಲಿ ಗಲ್ಲಿಗೇರಿದನು. ರಾಮದುರ್ಗವನ್ನು ಆಗ ಆಳುತ್ತಿದ್ದವನು ಅವನ ಮಲಸಹೋದರನೇ. ಅವನು ಬಂಡಾಯಕ್ಕೆ ಸೇರಲಿಲ್ಲ. ಅವನ ಸಂಸ್ಥಾನ 1948ರವರೆಗೆ ಉಳಿಯಿತು.

ಇವು ಅರಸುಮನೆಗಳ ಮಾತು. ಆದರೆ ‘ವಾರಸುದಾರನು ಯಾರು?’ ಎಂಬ ಪ್ರಶ್ನೆ ನಾಲ್ಕು ಎಕರೆ ಎರೆಭೂಮಿಯ ಮನೆಯಲ್ಲಿಯೂ ಅಷ್ಟೇ ತೀಕ್ಷ್ಣವಾಗಿದೆ.

ದಫ್ತರಿನ ದಾರಿ

ಬಾಯಿಮಾತು ಮುಗಿದಲ್ಲಿಂದ ಕಾಗದದ ದಾರಿ ಹಿಡಿಯಬೇಕು. ಅಲ್ಲಿ ಹೊಸಬನನ್ನು ಮೊದಲು ತಡೆಯುವುದು ತಾಲ್ಲೂಕಿನ ಹೆಸರು. ಮುಂಬಯಿ ಸರಕಾರದ ಕಾಲದ ಕಾಗದಗಳಲ್ಲಿ ಬೈಲಹೊಂಗಲ ತಾಲ್ಲೂಕು ಎಂದು ಹುಡುಕಿದರೆ ಸಿಕ್ಕದು. ಆಗ ಅದು ಸಂಪಗಾವಿ ತಾಲ್ಲೂಕು. ಕಚೇರಿ ಮಾತ್ರ ಬೈಲಹೊಂಗಲದಲ್ಲಿತ್ತು. ಕಿತ್ತೂರು ಸಹ ಅದರೊಳಗೇ ಸೇರಿತ್ತು. ಸವದತ್ತಿ ತಾಲ್ಲೂಕಿನ ಅಂದಿನ ಹೆಸರು ಪರಸಗಡ. ರಾಮದುರ್ಗವಂತೂ ಬೇರೆ ಸಂಸ್ಥಾನ. ಅದರ ದಫ್ತರವೇ ಬೇರೆ. ಪಕ್ಕಪಕ್ಕದ ಎರಡು ಹಳ್ಳಿಗಳ ಅಣ್ಣತಮ್ಮಂದಿರಲ್ಲಿ ಒಬ್ಬನು ಇಂಗ್ಲಿಷರ ಪ್ರಜೆ, ಇನ್ನೊಬ್ಬನು ಸಂಸ್ಥಾನದ ಪ್ರಜೆ ಆಗಿರಬಹುದಿತ್ತು.

ಎರಡನೆಯ ತಡೆ ಲಿಪಿ. ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಅಕ್ಷರದಲ್ಲಿವೆ. ಲೇಖನಿಯನ್ನು ಎತ್ತದೆ ಓಡಿಸಿ ಬರೆದ ಆ ಲಿಪಿಯನ್ನು ಓದಬಲ್ಲವರು ಇಂದು ವಿರಳರು. ಊರಿನ ಲೆಕ್ಕವೆಲ್ಲ ಕುಲಕರ್ಣಿಯ ಮನೆಯಲ್ಲಿಯೇ ಇರುತ್ತಿತ್ತು. ಮುಂಬಯಿ ರಾಜ್ಯದಲ್ಲಿ ಪರಗಣೆ ಮತ್ತು ಕುಲಕರ್ಣಿ ವತನಗಳು 1951ರಲ್ಲಿ ರದ್ದಾದ ಮೇಲೆ ಕೆಲವು ಕಾಗದಗಳು ಸರಕಾರಕ್ಕೆ ಸೇರಿದವು, ಕೆಲವು ಅಟ್ಟದ ಮೇಲೆಯೇ ಗೆದ್ದಲಿಗೆ ಆಹಾರವಾದವು.

ಇಷ್ಟಾದರೂ ಸಾಮಾನ್ಯ ಮನೆಯವರಿಗೆ ದೊರೆಯುವ ಕಾಗದಗಳು ಕಡಮೆಯೇನಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೊಲಹೊಲಕ್ಕೆ ನಂಬರು ಕೊಟ್ಟು ಮೋಜಣಿ ಮಾಡಿದರು. 1903ರ ಮುಂಬಯಿ ಕಾಯಿದೆಯಿಂದ ಹಕ್ಕುದಾಖಲೆಯ ಪದ್ಧತಿ ಬಂದಿತು. ಹೊಲದ ಒಡೆಯನು ಸತ್ತಾಗ ಬರೆದ ವಾರಸಾ ಡೈರಿಯಲ್ಲಿ ಅವನ ಹೆಂಡತಿಮಕ್ಕಳ ಹೆಸರುಗಳು ಸಿಕ್ಕುವುದುಂಟು. ಇಂದಿನ ಉತಾರದಿಂದ ಒಂದೊಂದೇ ಡೈರಿಯನ್ನು ಹಿಡಿದು ಹಿಂದಕ್ಕೆ ಹೋದರೆ ಮೂರು ನಾಲ್ಕು ತಲೆಗಳವರೆಗೆ ಮುಟ್ಟಬಹುದು. ಹಳೆಯ ಕನ್ನಡ ಶಾಲೆಯ ದಾಖಲೆ ಪುಸ್ತಕದಲ್ಲಿ ಮಗುವಿನ ಹುಟ್ಟಿದೂರು ಇರುತ್ತದೆ. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಶಾಸನಗಳ, ಹಸ್ತಪ್ರತಿಗಳ ಸಂಗ್ರಹವಿದೆ.

ಹೆಳವನ ಮಾತನ್ನೂ ಕಾಗದವನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವುದು ಅಗತ್ಯ. ಕಾಳು ಕೊಡುವ ಮನೆಯ ಹಿರಿಯರನ್ನು ಹೊಗಳುವುದು ಹೆಳವನ ಧರ್ಮ. ಅವನ ಹಾಡಿನಲ್ಲಿ ಕಳ್ಳನಾದ ಮುತ್ತಜ್ಜ ಸಿಕ್ಕುವುದು ಅಪರೂಪ. ಅಮೇರಿಕದ ಅಲೆಕ್ಸ್ ಹೇಲಿ ತನ್ನ ಮೂಲವನ್ನು ಹುಡುಕುತ್ತ ಆಫ್ರಿಕದ ಗ್ಯಾಂಬಿಯಾಕ್ಕೆ ಹೋಗಿ, ಅಲ್ಲಿಯ ವಂಶಗಾಯಕನೊಬ್ಬನ ಬಾಯಿಂದ ಕೇಳಿದ್ದನ್ನು ಆಧರಿಸಿ 1976ರಲ್ಲಿ ‘ರೂಟ್ಸ್’ ಎಂಬ ಪುಸ್ತಕ ಬರೆದುದು ಜಗತ್ಪ್ರಸಿದ್ಧ. ಆ ಗಾಯಕನು ಬಂದವನಿಗೆ ಬೇಕಾದುದನ್ನೇ ಹೇಳಿದನೆಂದು ಮುಂದೆ ಸಂಶೋಧಕರು ಆಕ್ಷೇಪಿಸಿದರು. ಆದರೆ ಕಾಗದವೂ ಪೂರ್ತಿ ಸತ್ಯವಲ್ಲ. ಅದು ಭೂಮಿಯಿದ್ದವನನ್ನು ಮಾತ್ರ ಬಲ್ಲುದು, ಅವನು ಬರದಲ್ಲಿ ಊರು ಬಿಟ್ಟ ರಾತ್ರಿಯನ್ನು ಅರಿಯದು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಎಷ್ಟೋ ಮನೆಗಳು ಎದ್ದುಹೋದವು. ಒಂದು ಶತಮಾನ ಕಳೆಯುವ ಹೊತ್ತಿಗೆ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹೊಳೆದಂಡೆಯ ಊರುಗಳು ನೀರಿನಲ್ಲಿ ಮುಳುಗಿ ಮನೆಗಳು ಚದುರಿದವು. ಇಂಥ ಒಕ್ಕಲೆದ್ದವರ ಹೊಸ ಮನೆಯ ಬಾಗಿಲನ್ನು ಹುಡುಕಿಕೊಂಡು ಹೋಗುವುದು ಹೆಳವನ ಕೆಲಸವೇ ಆಗಿತ್ತು.

ಹೊತ್ತಿಗೆಯಲ್ಲಿ ಇಲ್ಲದವರು

ಹೆಳವನ ಹೊತ್ತಿಗೆಯಲ್ಲಿ ಒಂದು ದೊಡ್ಡ ಕೊರತೆಯಿದೆ. ಅದರಲ್ಲಿ ತಂದೆ ಇದ್ದಾನೆ, ಮಗ ಇದ್ದಾನೆ, ಮೊಮ್ಮಗ ಇದ್ದಾನೆ; ಮಗಳು ಇಲ್ಲ. ಕೊಟ್ಟ ಹೆಣ್ಣು ಹೊರಗೆ ಎಂಬ ಹಳೆಯ ಲೆಕ್ಕಕ್ಕೆ ಅದು ಸರಿಹೋಗುತ್ತಿತ್ತು. ಇಂದು ಸರಿಹೋಗದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ಬಂದಿದೆ. ವಾರಸಾ ಮಾಡಿಸುವಾಗ ಬೇಕಾದ ವಂಶಾವಳಿಯಲ್ಲಿ ಈಗ ಹೆಣ್ಣುಮಕ್ಕಳೆಲ್ಲರ ಹೆಸರೂ ಇರಬೇಕು. ಅಜ್ಜನ ಅಕ್ಕತಂಗಿಯರು ಎಷ್ಟು ಮಂದಿ, ಅವರನ್ನು ಎಲ್ಲಿಗೆ ಕೊಟ್ಟಿತ್ತು ಎಂಬ ಪ್ರಶ್ನೆ ಎದ್ದಾಗ, ಏಳು ತಲೆಯ ಗಂಡಸರನ್ನು ಬಲ್ಲ ಹೊತ್ತಿಗೆ ಮೌನವಾಗುತ್ತದೆ.

ಇನ್ನೂ ನೋವಿನ ಮಾತೊಂದಿದೆ. ಸವದತ್ತಿಯ ಗುಡ್ಡದ ಹೆಸರಿನಲ್ಲಿ ಎಷ್ಟೋ ಬಡ ಮನೆಗಳ ಹುಡುಗಿಯರನ್ನು ದೇವರಿಗೆ ಬಿಟ್ಟರು. ಅವರ ಮಕ್ಕಳು ತಾಯಿಯ ಹೆಸರಿನಿಂದಲೇ ಬೆಳೆದರು. ಶಾಲೆಯ ಪುಸ್ತಕದಲ್ಲಿ ತಂದೆಯ ಹೆಸರು ಬರೆಯುವ ಜಾಗ ಅವರನ್ನು ಪ್ರತಿ ಸಲವೂ ಚುಚ್ಚಿತು. 1982ರ ಕಾಯಿದೆ ಹೆಣ್ಣುಮಕ್ಕಳನ್ನು ಹೀಗೆ ಬಿಡುವುದನ್ನು ನಿಷೇಧಿಸಿತು. ಆದರೆ ಹಿಂದೆ ಬಿಟ್ಟವರ ವಂಶವನ್ನು ಯಾವ ಎತ್ತೂ ಹೊತ್ತು ತರಲಿಲ್ಲ. ಅವರ ಮೊಮ್ಮಕ್ಕಳು ತಮ್ಮ ಮೂಲವನ್ನು ಹುಡುಕಹೊರಟರೆ ಅವರಿಗಿರುವ ಆಧಾರ ಅಜ್ಜಿಯ ನೆನಪೊಂದೇ. ಭೂಮಿಯಿಲ್ಲದ ಕೂಲಿಯವರ ಮಾತೂ ಹೆಚ್ಚುಕಡಮೆ ಇದೇ.

ಮತ್ತೆ ಕಟ್ಟೆಯ ಮೇಲೆ

ಹೆಳವರು ಈಗಲೂ ಬರುತ್ತಾರೆ. ಎತ್ತಿನ ಜಾಗಕ್ಕೆ ಮೋಟಾರ್ ಸೈಕಲ್ ಬಂದಿದೆ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಮನೆಮನೆಯ ಮುಂದೆ ಕೈಯೊಡ್ಡುವ ಕಸಬು ಅವರಿಗೆ ಬೇಡವಾದರೆ ತಪ್ಪೆನ್ನಲಾಗದು. ಅತ್ತ ಒಕ್ಕಲುಗಳೂ ಬದಲಾಗಿವೆ. ಹುಬ್ಬಳ್ಳಿಯಲ್ಲಿಯೋ ಪುಣೆಯಲ್ಲಿಯೋ ಮೂರನೆಯ ಮಹಡಿಯಲ್ಲಿರುವ ಮನೆಗೆ ಹೆಳವನು ಬಂದರೆ ಬಾಗಿಲು ತೆರೆಯುವುದೇ ಕಷ್ಟ. ಹೀಗೆ ಎರಡು ಕಡೆಯಿಂದಲೂ ಹಗ್ಗ ಸಡಿಲವಾಗುತ್ತಿದೆ. ಒಬ್ಬ ಹೆಳವನು ಈ ಕಸಬನ್ನು ಬಿಟ್ಟರೆ ನೂರಾರು ಮನೆಗಳ ಹಿಂದಿನ ದಾರಿ ಒಂದೇ ಸಲಕ್ಕೆ ಮುಚ್ಚಿಹೋದೀತು.

ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹೆಳವನು ಬಂದಾಗ ಅವನನ್ನು ನಿಲ್ಲಿಸಿ ಕಳಿಸಬೇಡಿರಿ. ಕೂಡಿಸಿ ಕೇಳಿರಿ. ಅವನು ಹೇಳಿದ್ದನ್ನು ಬರೆದುಕೊಳ್ಳಿರಿ, ಅವನ ಒಪ್ಪಿಗೆ ಪಡೆದು ಹೊತ್ತಿಗೆಯ ಆ ಪುಟಗಳ ಚಿತ್ರ ತೆಗೆದಿಡಿರಿ, ಅವನ ಪಾಲನ್ನು ಅವನಿಗೆ ಕೊಡಿರಿ. ಅವನು ಬರುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಮನೆಯಲ್ಲಿ ಅಜ್ಜಿಯಿದ್ದರೆ ಅವಳ ತವರು ಯಾವುದು, ಅವಳ ತಾಯಿಯ ತವರು ಯಾವುದು, ಅವಳ ಅಕ್ಕತಂಗಿಯರು ಎಲ್ಲೆಲ್ಲಿದ್ದರು ಎಂದು ಇಂದೇ ಕೇಳಿಕೊಳ್ಳಿರಿ. ಆ ಊರುಗಳ ಹೆಸರು ಉತಾರದಲ್ಲಿಲ್ಲ, ಶಾಸನದಲ್ಲಿಲ್ಲ, ಹೆಳವನಲ್ಲಿಯೂ ಇಲ್ಲ.

ಅವನು ಹೊಸ ಹೆಸರುಗಳನ್ನು ಬರೆದುಕೊಳ್ಳಲು ಲೇಖನಿ ತೆಗೆದಾಗ ಮನೆಯ ಹೆಂಗಸರು ಹೇಳಬೇಕಾದ ಮಾತು ಒಂದೇ:

“ನಮ್ಮ ಹುಡುಗಿ ಹೆಸರೂ ಬರ್ಕೊಳಪಾ.”